ಎರೆ ಹೊಲದಲ್ಲಿ ಮನೆ ಕಟ್ಟೋರು ಜೆಸಿಬಿ ಕರೆಸುವ ಮೊದಲು ಓದಿ

ನಮ್ಮ ಅಡುಗೆಮನೆಯ ಬಾಗಿಲು ಏಪ್ರಿಲ್‌ನಲ್ಲಿ ಸಲೀಸಾಗಿ ಮುಚ್ಚುತ್ತದೆ. ಸೆಪ್ಟೆಂಬರ್‌ನಲ್ಲಿ ಮುಚ್ಚುವುದಿಲ್ಲ. ಬಡಗಿ ಎರಡು ಸಲ ಬಂದು ಕೆಳಗಡೆ ರಂದಾ ಹೊಡೆದು ಹೋದ. ಮೂರನೇ ಸಲ ಬಂದಾಗ ಚೌಕಟ್ಟು ನೋಡಿದ, ನೆಲ ನೋಡಿದ. "ಬಾಗಲದ್ದೇನ್ ತಪ್ಪಿಲ್ರಿ ಸರ, ನಿಮ್ಮ ನೆಲಾನ ಏಳಾಕತ್ತೈತಿ" ಅಂದ.

ಅವನ ಮಾತು ಖರೆ ಇತ್ತು. ವಿಜಯಪುರದ ಹೊರಗಿನ ಎರೆ ಹೊಲದಲ್ಲಿ ನಮ್ಮ ಮನೆ. ಕಟ್ಟುವಾಗ ಗುತ್ತಿಗೆದಾರ ಹೇಳಿದ್ದ: "ಪಾಯಾ ತೋಡಿದ ಮಣ್ಣ ಇಲ್ಲೇ ಬಿದ್ದೈತಲ್ರಿ. ಹೊರಗಿಂದ ಗರಸು ಯಾಕ ತರಸ್ತೀರಿ, ಸುಮ್ನ ರೊಕ್ಕ ದಂಡ." ನನಗೂ ಹೌದೆನ್ನಿಸಿತು. ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು, ತರಿಸಲಿಲ್ಲ. ನೀರು ಕುಡಿದರೆ ಉಬ್ಬಿ ಒಣಗಿದರೆ ಕುಗ್ಗುವ ಕಪ್ಪು ಎರೆ ಮಣ್ಣೇ ನೆಲದ ಕೆಳಗೆ ಹೋಯಿತು. ಎರಡನೇ ಮಳೆಗಾಲಕ್ಕೆ ಟೈಲ್ಸ್ ನಡುಮಧ್ಯ ಉಬ್ಬಿದವು.

ಕೆಲವು ವರ್ಷ ಬಿಟ್ಟು ತಮ್ಮ ಬಾಗಲಕೋಟೆ ಹತ್ತಿರ ಸೈಟ್ ತಗೊಂಡ. ಅಲ್ಲಿ ಆ ತಪ್ಪು ಮಾಡಲಿಲ್ಲ. ಈ ಲೇಖನದಲ್ಲಿ ಬರುವ ಕ್ರಮ ಹೆಚ್ಚಾಗಿ ಅವನ ಸೈಟಿನದ್ದು, ತಪ್ಪುಗಳು ಹೆಚ್ಚಾಗಿ ನನ್ನವು.

ಕಾಗದ ಪತ್ರ ಮತ್ತು ಹದ್ದು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ವಕೀಲರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೊಲದಲ್ಲಿ ಮನೆ ಕಟ್ಟಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಎನ್‌ಎ (ಕೃಷಿಯೇತರ ಜಮೀನು) ಆಗಿರಬೇಕು. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದೆ ಎಂದ ಮಾತ್ರಕ್ಕೆ ಗುದ್ದಲಿ ಹಾಕಬೇಡಿ. ಸರ್ವೇ ಇಲಾಖೆಗೆ ಹದ್ದುಬಸ್ತು ಅರ್ಜಿ ಹಾಕಿ, ಅಳತೆ ಮಾಡಿಸಿ, ಮೂಲೆಗೆ ಕಲ್ಲು ನೆಡಿಸಿ. ಒಂದು ಗುಂಟಾ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಕಾಗದದ ಮೇಲೆ ಎರಡು ಗುಂಟಾ ಇದ್ದದ್ದು ನೆಲದ ಮೇಲೆ ಒಡ್ಡಿನ ಪಾಲಾಗಿ ಕಡಿಮೆ ಬೀಳುವುದು ನಮ್ಮ ಕಡೆ ಹೊಸದೇನಲ್ಲ. ಜೆಸಿಬಿ ಒಮ್ಮೆ ಒಡ್ಡು ಕಿತ್ತಿತೆಂದರೆ ಗುರುತೂ ಹೋಯಿತು. ಆಮೇಲೆ ಬಾಜೂ ಹೊಲದವರ ಜೊತೆ ಜಗಳ ಗ್ಯಾರಂಟಿ.

ನಮ್ಮ ಭಾಗದವರು ಇನ್ನೆರಡು ವಿಷಯ ವಿಚಾರಿಸಲೇಬೇಕು. ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಇಲ್ಲೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿವೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. 2010ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಇದು ಬಿಗಿಯಾಗಿದೆ. ಗೋಳಗುಮ್ಮಟ ದೂರ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ವಿಜಯಪುರದಲ್ಲಿ ಓಣಿಗೊಂದು ಹಳೇ ಗುಮ್ಮಟ, ಬಾವಡಿ, ಮಸೀದಿ ಸಿಗುತ್ತದೆ. ನಿಮ್ಮ ಸೈಟಿನ ಬಾಜೂಕ್ಕಿರುವುದು ಪಟ್ಟಿಯಲ್ಲಿದೆಯಾ ಎಂದು ಕೇಳಿ ನೋಡಿ.

ಬಾಗಲಕೋಟೆ ಕಡೆಯವರಾದರೆ ಕೃಷ್ಣಾ ಹಿನ್ನೀರು. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಕಡಿಮೆ ರೇಟಿಗೆ ಒಳ್ಳೆ ಜಾಗ ಸಿಕ್ಕಿತೆಂದರೆ ಅದು ಈ ಎರಡು ಮಟ್ಟಗಳ ನಡುವೆ ಇಲ್ಲವಲ್ಲ ಎಂದು ಮೊದಲು ನೋಡಿ.

ಬರಿಗೈಲಿ ಒಂದು ಸುತ್ತು

ಹೊಲವನ್ನು ಎರಡು ಸಲ ಸುತ್ತಿ. ಒಂದು ಸಲ ಬೇಸಿಗೆಯಲ್ಲಿ, ಇನ್ನೊಂದು ಸಲ ಜೋರು ಮಳೆ ಬಂದ ಮರುದಿನ. ಎರಡನೆಯದಕ್ಕೆ ಪುರಸೊತ್ತು ಸಿಗದಿದ್ದರೆ ಬಾಜೂ ಹೊಲದವರನ್ನು ಕೇಳಿ: "ಅಣ್ಣಾರ, ಹಿಂಗಾರಿ ಮಳಿ ಜೋರ್ ಬಂದ್ರ ನೀರ್ ಯಾವ್ ಕಡೆಯಿಂದ ಬರ್ತೈತ್ರಿ?" ಅವರು ಕೈ ತೋರಿಸಿದ ದಿಕ್ಕನ್ನು ಬರೆದುಕೊಳ್ಳಿ. ನಕ್ಷೆ ಹಾಕುವ ಇಂಜಿನಿಯರಿಗೆ ಇದು ಬಹಳ ಉಪಯೋಗ.

ಒಡ್ಡು ಯಾಕೆ ಅಲ್ಲೇ ಇದೆ, ಕೋಡಿ ಯಾಕೆ ಆ ಮೂಲೆಯಲ್ಲಿದೆ ಅಂತ ನೋಡಿ. ಹಿಂದಿನವರು ಸುಮ್ನೆ ಹಾಕಿದ್ದಲ್ಲ. ನೀವು ಒಡ್ಡು ತೆಗೆದರೆ ಮೇಲಿನ ಹೊಲದ ನೀರು ಸೀದಾ ನಿಮ್ಮ ಹಾಲ್‌ಗೆ ಬರುತ್ತದೆ. ನೀವು ಎತ್ತರ ಮಾಡಿಕೊಂಡರೆ ಅದೇ ನೀರು ಬಾಜೂದವರ ತೊಗರಿಗೆ ನುಗ್ಗುತ್ತದೆ.

ಹಳೇ ಊರಿನ ಗಾವಠಾಣಾ ಹತ್ತಿರದ ಜಾಗವಾದರೆ ಹಿರಿಯರನ್ನು ಇನ್ನೊಂದು ಮಾತು ಕೇಳಿ: ಇಲ್ಲಿ ಹಗೇವು ಇತ್ತಾ? ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಗುಂಡಿಗಳ ಬಾಯಿ ಮುಚ್ಚಿ ಎಷ್ಟೋ ವರ್ಷ ಆಗಿರುತ್ತದೆ, ಹೊಟ್ಟೆ ಮಾತ್ರ ಖಾಲಿ ಇರುತ್ತದೆ. ಅದರ ಮೇಲೆ ಟಿಪ್ಪರ್ ನಿಂತರೆ ಗಾಲಿ ಒಳಗೆ. ಮುಚ್ಚಿದ ಬಾವಿಯದ್ದೂ ಇದೇ ಕಥೆ. ಸಿಕ್ಕರೆ ಬಾಯಿ ಅಗಲಿಸಿ, ಕಸ ತೆಗೆದು, ತಳದಿಂದ ಪದರು ಪದರಾಗಿ ಗಟ್ಟಿ ತುಂಬಿಸಬೇಕು. ಮೇಲೊಂದು ಬಂಡೆ ಮುಚ್ಚಿ ಮುಂದೆ ಹೋಗುವುದು ಕೆಲಸವಲ್ಲ.

ತಲೆ ಎತ್ತಿಯೂ ನೋಡಿ. 11 ಕೆವಿ ಲೈನ್ ಹಾದು ಹೋಗಿದ್ದರೆ ಟಿಪ್ಪರ್ ತನ್ನ ಡಬ್ಬಿ ಎತ್ತಿದಾಗ ತಂತಿಗೆ ತಾಗಬಹುದು. ಕಂಬ ಸರಿಸಲು ಹೆಸ್ಕಾಂಗೆ ಮೊದಲೇ ಅರ್ಜಿ ಹಾಕಿ. ಅದು ಒಂದು ದಿನದ ಕೆಲಸವಲ್ಲ.

ಮೂರು ಗುಂಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಮನೆ ಬರುವ ಜಾಗದಲ್ಲಿ ಮೂರು ಕಡೆ ಗುಂಡಿ ತೋಡಿಸಿ: ಎದುರುಬದುರು ಎರಡು ಮೂಲೆ, ನಡುವೆ ಒಂದು. ಜೆಸಿಬಿಗೆ ಇದು ಒಂದು ತಾಸಿನ ಕೆಲಸ. ಹತ್ತು ಅಡಿ ಆಳಕ್ಕೆ ಹೋಗಲಿ, ಇಲ್ಲವೇ ಬಂಡೆ ತಾಗುವವರೆಗೆ.

ಗುಂಡಿಯ ಗೋಡೆ ನೋಡಿದರೆ ನೆಲದ ಇತಿಹಾಸವೇ ಕಾಣುತ್ತದೆ. ಮೇಲೆ ಬೇರು ತುಂಬಿದ ಸಡಿಲ ಮಣ್ಣು. ಅದರ ಕೆಳಗೆ ಕಪ್ಪು ಎರೆ. ಬೇಸಿಗೆಯಲ್ಲಾದರೆ ಅದರೊಳಗೆ ಕೈ ಹೋಗುವಷ್ಟು ಬಿರುಕು. ಎರೆ ಮುಗಿಯುವ ಕಡೆ ಸುಣ್ಣದ ಬಿಳಿ ಹರಳು ಬೆರೆತ ಮಣ್ಣು. ಆಮೇಲೆ ಗರಸು. ವಿಜಯಪುರ ಕಡೆ ಅದರ ಕೆಳಗೆ ಕರಿಕಲ್ಲು. ತಮ್ಮನ ಸೈಟಿನಲ್ಲಿ ಒಂದು ಮೂಲೆಯಲ್ಲಿ ಎರಡೂವರೆ ಅಡಿಗೇ ಗರಸು ಸಿಕ್ಕಿತು, ಎದುರು ಮೂಲೆಯಲ್ಲಿ ಮೂರೂವರೆ ಅಡಿ ಬೇಕಾಯಿತು. ನಲವತ್ತು ಅಡಿ ಉದ್ದಕ್ಕೆ ಒಂದು ಅಡಿ ಫರಕು. ಒಂದೇ ಗುಂಡಿ ತೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಗುಂಡಿಯೊಳಗೆ ಇಳಿಯುವ ಮುನ್ನ ಎರಡು ಸಲ ಯೋಚಿಸಿ. ಐದು ಅಡಿ ದಾಟಿದ ಎರೆ ಗುಂಡಿಯ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಬಕೆಟ್‌ನಲ್ಲಿ ಮೇಲೆ ಬಂದ ಮಣ್ಣನ್ನು ನೋಡಿದರೂ ಸಾಕು. ತೆಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಿಸಬೇಡಿ, ದೂರ ಹಾಕಿಸಿ. ಸಂಜೆ ಹೋಗುವಾಗ ಗುಂಡಿ ಮುಚ್ಚಿಸಿ ಅಥವಾ ಸುತ್ತ ಮುಳ್ಳು ಹಾಕಿಸಿ. ಎಮ್ಮೆ, ಮಕ್ಕಳು, ಕತ್ತಲಲ್ಲಿ ಬರುವ ಬೈಕು, ಯಾರು ಬೇಕಾದರೂ ಬೀಳಬಹುದು.

ಈಗ ಎರೆ ಎಷ್ಟು ಉಬ್ಬುತ್ತದೆ ಎನ್ನುವ ಪ್ರಶ್ನೆ. ಲ್ಯಾಬಿನವರು ಮಾಡುವ ಪರೀಕ್ಷೆ ಬಹಳ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಅಳತೆ ಗಾಜಿನ ನಳಿಗೆಯಲ್ಲಿ, 10 ಗ್ರಾಂ ಇನ್ನೊಂದರಲ್ಲಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ (ಸೀಮೆಎಣ್ಣೆ). ಚಿಮಣಿ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ತಾಸು ಬಿಟ್ಟು ಎರಡರ ಮಟ್ಟ ನೋಡುತ್ತಾರೆ. ಎಣ್ಣೆಯಲ್ಲಿ 10 ಮಿ.ಲೀ. ಇದ್ದು ನೀರಿನಲ್ಲಿ 20 ಮಿ.ಲೀ. ಆಗಿದ್ದರೆ ನೂರಕ್ಕೆ ನೂರು ಉಬ್ಬಿತು ಎಂದರ್ಥ. ಶೇ. 50ಕ್ಕಿಂತ ಕಡಿಮೆ ಇದ್ದರೆ ಅಷ್ಟು ಚಿಂತೆ ಇಲ್ಲ. 100 ದಾಟಿದರೆ ಹುಷಾರು. ನಾನು ಮನೆಯಲ್ಲೇ ಎರಡು ಚಹಾ ಗ್ಲಾಸಿನಲ್ಲಿ ಇದನ್ನು ಮಾಡಿ ನೋಡಿದೆ. ಈಗ ಚಿಮಣಿ ಎಣ್ಣೆ ಹುಡುಕುವುದೇ ದೊಡ್ಡ ಕೆಲಸ, ಅದು ಬೇರೆ ಮಾತು. ಮರುದಿನ ಬೆಳಿಗ್ಗೆ ನೀರಿನ ಗ್ಲಾಸಿನ ಮಣ್ಣು ಇನ್ನೊಂದರ ಎರಡು ಪಟ್ಟು ಎತ್ತರ ನಿಂತಿತ್ತು. ನನ್ನ ಅಡುಗೆಮನೆ ಬಾಗಿಲಿಗೆ ಏನಾಯಿತು ಅಂತ ಅವತ್ತು ಕಣ್ಣಾರೆ ಕಂಡೆ.

ಮನೆಯ ಪರೀಕ್ಷೆ ಅಂದಾಜಿಗೆ ಮಾತ್ರ. ಸರಿಯಾದ ವರದಿಗೆ ಸಿವಿಲ್ ವಿಭಾಗ ಇರುವ ಇಂಜಿನಿಯರಿಂಗ್ ಕಾಲೇಜಿನ ಮಣ್ಣು ಲ್ಯಾಬ್ ಅಥವಾ ಖಾಸಗಿ ಲ್ಯಾಬಿಗೆ ಹೋಗಿ. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸುವ ಮಣ್ಣು ಪರೀಕ್ಷೆ ಇದಲ್ಲ. ಅದು ಗೊಬ್ಬರದ ಲೆಕ್ಕ ಹೇಳುತ್ತದೆ, ಮನೆಯ ಭಾರದ್ದಲ್ಲ.

ಗುಂಡಿ ನೋಡಿದ ಮೇಲೆ ದಾರಿ ಎರಡು. ಮೂರು ನಾಲ್ಕು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ಎರೆಯನ್ನು ಪೂರ್ತಿ ತೆಗೆದು ಗರಸಿನ ಮೇಲೆ ಪಾಯಾ ಕೂರಿಸುವುದು. ಹತ್ತು ಅಡಿ ಹೋದರೂ ಕಪ್ಪೇ ಇದ್ದರೆ ತೆಗೆಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅಲ್ಲಿ ಅಂಡರ್‌ರೀಮ್ಡ್ ಪೈಲ್, ಅಂದರೆ ಕೆಳಗೆ ಬಲ್ಬಿನಂತೆ ಉಬ್ಬಿದ ತುದಿ ಇರುವ, ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ ಬೇಕಾಗುತ್ತದೆ. ಆಳವಾದ ಎರೆಯಲ್ಲಿ ಅದರ ಉದ್ದ ಕನಿಷ್ಠ 3.5 ಮೀಟರ್ ಇರಬೇಕೆಂದು ಭಾರತೀಯ ಮಾನಕ ಐಎಸ್ 2911 ಹೇಳುತ್ತದೆ. ಮಳೆ ಬಿಸಿಲಿಗೆ ಮಣ್ಣು ಹಸಿಯಾಗಿ ಒಣಗುವ ಆಟ ಅಷ್ಟು ಆಳದಲ್ಲಿ ನಡೆಯುವುದಿಲ್ಲ ಎನ್ನುವುದು ಅದರ ಹಿಂದಿನ ಲೆಕ್ಕ. ಇದು ಗೌಂಡಿ ತೀರ್ಮಾನಿಸುವ ವಿಷಯವಲ್ಲ. ಇಂಜಿನಿಯರ್ ಫೀ ಕೊಟ್ಟು ಡಿಸೈನ್ ಮಾಡಿಸಿ.

ಯಾವಾಗ ಶುರು ಮಾಡಬೇಕು

ಸಂಕ್ರಾಂತಿ ಮುಗಿಸಿ ಶುರು ಮಾಡಿದರೆ ಒಳ್ಳೇದು. ವಿಜಯಪುರ, ಬಾಗಲಕೋಟೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 600 ಮಿ.ಮೀ. ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಸುತ್ತಮುತ್ತ ಬೀಳುತ್ತದೆ. ಕಡಿಮೆ ಮಳೆ ಊರು ಅಂತ ಸಸಾರ ಮಾಡಬೇಡಿ. ಎರೆ ಮೇಲೆ ಒಂದು ಹದ ಮಳೆ ಬಿದ್ದರೂ ಟ್ರ್ಯಾಕ್ಟರ್ ಗಾಲಿ ಅರ್ಧ ಹೂತು ಹೋಗುತ್ತದೆ. ಚಪ್ಪಲಿಗೇ ಎರಡು ಕೆಜಿ ಮಣ್ಣು ಅಂಟುವ ಜಾಗದಲ್ಲಿ ಜೆಸಿಬಿ ಓಡಿಸುವುದೆಂದರೆ ಬಾಡಿಗೆ ಕೊಟ್ಟು ಕೆಸರು ತುಳಿಸಿದ ಹಾಗೆ.

ಸ್ವಚ್ಛ ಮಾಡುವುದು

ಬೀಳು ಬಿಟ್ಟ ಹೊಲದಲ್ಲಿ ಮೊದಲು ಎದುರಾಗುವುದು ಬಳ್ಳಾರಿ ಜಾಲಿ. ಮೇಲೆ ಕಡಿದು ಬಿಟ್ಟರೆ ಮಳೆಗಾಲಕ್ಕೆ ಒಂದರ ಜಾಗದಲ್ಲಿ ಹತ್ತು ಟೊಂಗೆ ಬರುತ್ತವೆ. ಬುಡ ಸಮೇತ ಕೀಳಿಸಿ. ಬಕೆಟ್‌ನ ಹಲ್ಲನ್ನು ಬುಡದ ಕೆಳಗೆ ತೂರಿಸಿ ಎತ್ತಿದರೆ ದಪ್ಪ ಬೇರು ಜೊತೆಗೇ ಬರುತ್ತದೆ. ಉಳಿದ ಬೇರನ್ನು ಆಳು ಹಚ್ಚಿ ಆರಿಸಿ. ನೆಲದ ಕೆಳಗೆ ಬೇರು ಉಳಿದರೆ ಕೊಳೆತು ಪೊಳ್ಳಾಗುತ್ತದೆ, ಗೆದ್ದಲಿಗೆ ಊಟವಾಗುತ್ತದೆ. ಕಟ್ಟಿಗೆ ಸುಡಬೇಡಿ. ಇದ್ದಿಲು ಸುಡುವವರು, ಭಟ್ಟಿಯವರು ಬಂದು ಒಯ್ಯುತ್ತಾರೆ. ಎಷ್ಟೋ ಸಲ ಕಡಿಯುವ ಖರ್ಚೂ ಅವರದೇ. ಮುಳ್ಳಿನ ಟೊಂಗೆಗಳನ್ನು ಮಾತ್ರ ವಾಹನ ಓಡಾಡುವ ದಾರಿಯಿಂದ ಮೊದಲು ತೆಗೆಸಿ. ನಮ್ಮಲ್ಲಿ ಟ್ರ್ಯಾಕ್ಟರಿನ ಒಂದು ಟೈರ್ ಮೊದಲ ದಿನವೇ ಹೋಯಿತು.

ಬೇವು, ಬನ್ನಿ, ಹುಣಸೆ ಇದ್ದರೆ ಕೊಡಲಿ ಎತ್ತುವ ಮುನ್ನ ತಡೆಯಿರಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಾಯ್ದೆ ಬಿಡಿ, ಅಂಚಿನಲ್ಲಿರುವ ಬೇವನ್ನು ಉಳಿಸಿಕೊಂಡರೆ ಮೇ ತಿಂಗಳಲ್ಲಿ ನಿಮ್ಮ ಗೌಂಡಿಗಳು ನಿಮ್ಮನ್ನು ಹರಸುತ್ತಾರೆ. ಆದರೆ ಎರೆ ಮಣ್ಣಿನಲ್ಲಿ ದೊಡ್ಡ ಮರ ಗೋಡೆಗೆ ತೀರ ಹತ್ತಿರ ಇರಬಾರದು. ಬೇರು ನೀರು ಹೀರಿದ ಕಡೆ ಮಣ್ಣು ಕುಗ್ಗುತ್ತದೆ. ಮರದ ಎತ್ತರದಷ್ಟು ದೂರ ಮನೆ ಇದ್ದರೆ ಉತ್ತಮ. ಇನ್ನೊಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಮರ ಕಡಿದ ಜಾಗದಲ್ಲೂ ತೊಂದರೆ ಇದೆ. ವರ್ಷಗಟ್ಟಲೆ ಒಣಗಿದ್ದ ಮಣ್ಣು ಮತ್ತೆ ನೀರು ಕುಡಿದು ನಿಧಾನಕ್ಕೆ ಉಬ್ಬುತ್ತದೆ. ಅಂಥ ಜಾಗ ಮನೆ ಕೆಳಗೆ ಬರುತ್ತಿದ್ದರೆ ಇಂಜಿನಿಯರಿಗೆ ಮೊದಲೇ ಹೇಳಿ.

ಹುತ್ತ ಇದ್ದರೆ ಏನು ಮಾಡಬೇಕೆಂದು ಮನೆಯ ಹಿರಿಯರು ಹೇಳುತ್ತಾರೆ. ನಾನು ಹೇಳುವುದು ಇಷ್ಟೇ, ಪೂಜೆ ಮಾಡಿ, ಆದರೆ ಬರಿಗಾಲಲ್ಲಿ ಪೊದೆಗೆ ನುಗ್ಗಬೇಡಿ. ಕೊಳಕುಮಂಡಲ ಕಲ್ಲಿನ ಗುಡ್ಡೆಯಲ್ಲೂ ಇರುತ್ತದೆ. ಹೊಲದ ಕಲ್ಲುಗಳನ್ನು ಒಂದು ಕಡೆ ಒಟ್ಟಿಸಿ, ಪಾಯಾಕ್ಕೆ ಬರುತ್ತವೆ.

ಮೇಲ್ಮಣ್ಣು ಮತ್ತು ಎರೆ ತೆಗೆಯುವುದು

ಮೇಲಿನ ಅರ್ಧದಿಂದ ಒಂದು ಅಡಿ ಮಣ್ಣನ್ನು ಬೇರೆ ತೆಗೆಸಿ, ಸೈಟಿನ ಹಿಂದುಗಡೆ ಗುಡ್ಡೆ ಹಾಕಿಸಿ. ಕೈತೋಟಕ್ಕೆ ಅದೇ ಬೇಕು. ಮನೆ ಕೆಳಗೆ ಅದು ಬೇಡವೇ ಬೇಡ, ಅದರಲ್ಲಿ ಬೇರು, ಜೇಕು, ಕಸ ಎಲ್ಲ ಇರುತ್ತದೆ.

ಆಮೇಲೆ ಎರೆ. ಮನೆಯ ಅಳತೆಗಷ್ಟೇ ಅಲ್ಲ, ಸುತ್ತಲೂ ಮೂರು ಅಡಿ ಹೆಚ್ಚಿಗೆ ತೆಗೆಯಿರಿ. ತಮ್ಮನ ಮನೆ 30 ಅಡಿಗೆ 40 ಅಡಿ. ತೆಗೆದದ್ದು 36 ಅಡಿಗೆ 46 ಅಡಿ, ಸರಾಸರಿ 3 ಅಡಿ ಆಳ. ಅಂದರೆ 4968 ಘನ ಅಡಿ. ನಮ್ಮ ಕಡೆ ಬ್ರಾಸ್ ಲೆಕ್ಕ. ಒಂದು ಬ್ರಾಸ್ 100 ಘನ ಅಡಿ, ಹಾಗಾಗಿ ಸುಮಾರು 50 ಬ್ರಾಸ್. ಆದರೆ ತೋಡಿದ ಮಣ್ಣು ಸಡಿಲಾಗಿ ಕಾಲು ಭಾಗ ಜಾಸ್ತಿ ಆಗುತ್ತದೆ. ವಾಹನದಲ್ಲಿ ಹೊರುವಾಗ ಅದು ಅರವತ್ತು ಬ್ರಾಸ್ ದಾಟಿತು.

ಅಷ್ಟು ಮಣ್ಣನ್ನು ಎಲ್ಲಿ ಹಾಕುವುದು? ಮಸಾರಿ (ಕೆಂಪು ಮಣ್ಣಿನ) ಹೊಲದವರನ್ನು ಹುಡುಕಿ. ಎರೆ ಬೇಕು ಅನ್ನುವ ರೈತರು ನಮ್ಮಲ್ಲಿ ಕಡಿಮೆ ಇಲ್ಲ. ತಮ್ಮನ ಹತ್ತಿರ ಒಬ್ಬರು ತಮ್ಮದೇ ಟ್ರ್ಯಾಕ್ಟರ್ ತಂದು ಅರ್ಧ ಒಯ್ದರು. ಹಳ್ಳಕ್ಕೆ ಮಾತ್ರ ಸುರಿಯಬೇಡಿ.

ಜೆಸಿಬಿಗೆ ತಾಸಿನ ಲೆಕ್ಕ. ಕೆಲಸ ಶುರುವಾಗುವ ಮುನ್ನ ಮೀಟರಿನ ಫೋಟೊ ಒಂದು, ಮುಗಿದ ಮೇಲೆ ಒಂದು. ಟಿಪ್ಪರ್‌ಗಳು ಬಾರದೆ ಜೆಸಿಬಿ ಸುಮ್ನೆ ನಿಂತರೂ ಎಂಜಿನ್ ಓಡುತ್ತಿದ್ದರೆ ಮೀಟರ್ ಓಡುತ್ತದೆ. ಡ್ರೈವರಿಗೆ ಮೊದಲೇ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮಟ್ಟ ಹಿಡಿಯುವುದು

ಕಣ್ಣಳತೆ ನಂಬಬೇಡಿ. ಸಪಾಟಾಗಿ ಕಾಣುವ ಎರೆ ಹೊಲ ನೂರು ಅಡಿಗೆ ಎರಡು ಅಡಿ ಇಳಿದಿರುತ್ತದೆ, ಗೊತ್ತೇ ಆಗುವುದಿಲ್ಲ. ಆಟೋ ಲೆವೆಲ್ (ಮಟ್ಟ ಅಳೆಯುವ ದುರ್ಬೀನು) ತರುವ ಸರ್ವೇಯರ್ ಸಿಕ್ಕರೆ ಅರ್ಧ ದಿನದಲ್ಲಿ ಹತ್ತು ಹತ್ತು ಅಡಿಗೆ ಮಟ್ಟ ಬರೆದು ಕೊಡುತ್ತಾರೆ. ಇಲ್ಲವಾದರೆ ಗೌಂಡಿಯ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಗುಳ್ಳೆ ಒಂದೂ ಇಲ್ಲದಂತೆ ನೋಡಿಕೊಂಡು, ಎರಡೂ ತುದಿ ಹಿಡಿದರೆ ನೀರು ಸುಳ್ಳು ಹೇಳುವುದಿಲ್ಲ.

ಮೊದಲು ಎಂದೂ ಅಲುಗದ ಒಂದು ಗುರುತು ಮಾಡಿಕೊಳ್ಳಿ. ನಾವು ರಸ್ತೆ ಬದಿಯ ಮೋರಿ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಗೀಟು ಎಳೆದೆವು. ಎಲ್ಲಾ ಎತ್ತರ ಅಲ್ಲಿಂದಲೇ. ಪ್ಲಿಂತ್, ಅಂದರೆ ಮನೆಯ ನೆಲಗಟ್ಟು, ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಾನು ಎರಡು ಅಡಿ ಅಂತೀನಿ, ಅದೂ ರಸ್ತೆಯ ಮಟ್ಟದಿಂದ. ಪ್ರತಿ ಸಲ ಡಾಂಬರು ಹಾಕುವಾಗ ನಮ್ಮ ರಸ್ತೆಗಳು ಬೆಳೆಯುತ್ತವೆ, ಮನೆಗಳು ಬೆಳೆಯುವುದಿಲ್ಲ.

ಗರಸು ತುಂಬುವುದು

ಪಾಯಾ ಕಾಲುಗಳು ಕೂರಬೇಕಾದ್ದು ಮೂಲ ಗರಸಿನ ಮೇಲೆ, ನೀವು ತಂದು ತುಂಬಿದ್ದರ ಮೇಲಲ್ಲ. ತಮ್ಮನ ಸೈಟಿನಲ್ಲಿ ಎರೆ ತೆಗೆದ ತಕ್ಷಣ ಲೈನ್‌ಔಟ್ (ಗೋಡೆ, ಕಾಲಮ್‌ಗಳ ಗುರುತು) ಹಾಕಿ, ಕಾಲಮ್ ಪಾಯಾ ಗರಸಿನೊಳಗೆ ಇಳಿಸಿ, ಆಮೇಲೆ ಸುತ್ತ ತುಂಬುತ್ತಾ ಬಂದರು. ತೋಡಿದ ಗುಂಡಿಯನ್ನು ತಿಂಗಳುಗಟ್ಟಲೆ ತೆರೆದು ಇಡಬೇಡಿ. ಮಳೆ ಬಂದರೆ ಕೆರೆ, ಬಿಸಿಲಿಗೆ ಬಿರುಕು.

ಎಂಥ ಗರಸು ತರಬೇಕು? ಕೈಯಲ್ಲಿ ಹಿಡಿದರೆ ಹರಳು ಸಿಗಬೇಕು, ಜೊತೆಗೆ ಅಂಟಿಕೊಳ್ಳಲು ಸ್ವಲ್ಪ ಮಣ್ಣೂ ಇರಬೇಕು. ಬರೀ ಮರಳು ಅಥವಾ ಕ್ರಷರ್ ಪುಡಿ ತುಂಬಿದರೆ ಎರೆಯ ನಡುವೆ ತೊಟ್ಟಿ ಮಾಡಿದಂತಾಗುತ್ತದೆ. ನೀರು ಒಳಗೆ ಇಳಿದು ಅಲ್ಲೇ ನಿಲ್ಲುತ್ತದೆ, ಸುತ್ತಲಿನ ಎರೆ ಆರಾಮಾಗಿ ಕುಡಿಯುತ್ತದೆ. ಅಂಟು ಇರಬೇಕು ಆದರೆ ಉಬ್ಬಬಾರದು, ಇಂಥ ಮಣ್ಣಿನ ಪದರು ಎರೆಯ ಉಬ್ಬನ್ನು ತಡೆಯುತ್ತದೆ ಎಂದು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ 1970ರ ದಶಕದಲ್ಲಿ ತೋರಿಸಿಕೊಟ್ಟರು. ಎರೆ ನೆಲದಲ್ಲಿ ಕಾಲುವೆ ಲೈನಿಂಗ್ ಹಾಕುವಾಗ ಈಗಲೂ ಇದೇ ಪದ್ಧತಿ, ಅದಕ್ಕೆ ಐಎಸ್ 9451 ಎಂಬ ಮಾನಕವೂ ಇದೆ. ತಂದ ಗರಸಿನ ಮೇಲೂ ಚಹಾ ಗ್ಲಾಸಿನ ಪರೀಕ್ಷೆ ಮಾಡಬಹುದು. ಉಬ್ಬಿದರೆ ಟ್ರಿಪ್ ವಾಪಸ್ ಕಳಿಸಿ.

ಲೆಕ್ಕ ಹೀಗೆ. ಗುಂಡಿ ತುಂಬಲು 50 ಬ್ರಾಸ್. ಅದರ ಮೇಲೆ ಪ್ಲಿಂತ್ ಒಳಗೆ ಎರಡು ಅಡಿ, 1200 ಚದರ ಅಡಿಗೆ 24 ಬ್ರಾಸ್. ಒಟ್ಟು 74. ಇದು ಗಟ್ಟಿಯಾದ ಮೇಲಿನ ಅಳತೆ. ಸಡಿಲ ಗರಸು ಬಡಿದರೆ ಕುಗ್ಗುತ್ತದೆ, ಅದಕ್ಕೆ ಕಾಲು ಭಾಗ ಸೇರಿಸಿ. 92 ಬ್ರಾಸ್ ಆಯಿತು. ನೋಡಿದ ಕೂಡಲೇ ತಮ್ಮ ತಲೆ ಮೇಲೆ ಕೈ ಇಟ್ಟುಕೊಂಡ. ನಾನು ಅವನನ್ನು ನಮ್ಮ ಅಡುಗೆಮನೆಗೆ ಕರೆದುಕೊಂಡು ಬಂದು ಬಾಗಿಲು ತೋರಿಸಿದೆ.

ಟ್ರಿಪ್ ಲೆಕ್ಕದಲ್ಲಿ ಮೋಸ ಹೋಗಬೇಡಿ. ಮೊದಲ ಟ್ರಾಲಿ ಬಂದಾಗ ಟೇಪ್ ಹಿಡಿದು ಒಳ ಅಳತೆ ತಗೊಳ್ಳಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 90 ಘನ ಅಡಿ, ಬ್ರಾಸ್‌ಗೆ ಹತ್ತು ಕಡಿಮೆ. ದರವನ್ನು ಟ್ರಿಪ್‌ಗೆ ಮಾತಾಡಬೇಡಿ, ಬ್ರಾಸ್‌ಗೆ ಮಾತಾಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಇರುವ ಗರಸನ್ನೇ ತರಿಸಿ. ಕೆರೆ ದಂಡೆಯಿಂದ ರಾತ್ರಿ ಎತ್ತಿ ತಂದ ಗರಸು ಅಗ್ಗ ನಿಜ, ಆದರೆ ಹಿಡಿದರೆ ನಿಮ್ಮ ಕೆಲಸ ನಿಂತೇ ಹೋಗುತ್ತದೆ.

ತುಂಬುವಾಗ ಅರ್ಧ ಅಡಿಗಿಂತ ಸ್ವಲ್ಪ ಜಾಸ್ತಿ, ಎಂಟು ಇಂಚು ಮೀರದ ಪದರು. ನೀರು ಚಿಮುಕಿಸಿ, ರೋಲರ್ ಅಥವಾ ಪ್ಲೇಟ್ ಕಂಪ್ಯಾಕ್ಟರ್ ಓಡಿಸಿ. ಮೂಲೆಗಳಲ್ಲಿ ಆಳುಗಳು ದಮ್ಮಸು ಹೊಡೆಯಬೇಕು. ಹದ ನೋಡುವುದು ಸುಲಭ: ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ. ಉಂಡಿ ಆಗಬೇಕು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಉಂಡಿಯೇ ಆಗದಿದ್ದರೆ ನೀರು ಸಾಲದು. ಬೆರಳಿಗೆ ಮೆತ್ತಿದರೆ ಜಾಸ್ತಿ ಆಯಿತು, ಒಂದು ದಿನ ಒಣಗಲು ಬಿಡಿ.

"ಪೂರ್ತಿ ತುಂಬಿ, ಟ್ಯಾಂಕರ್ ನೀರು ಬಿಟ್ಟು ಒಂದು ಮಳೆಗಾಲ ಬಿಡ್ರಿ, ತಾನ ಕೂಡ್ತದ" ಅಂತ ಹೇಳುವವರು ಸಿಗುತ್ತಾರೆ. ಎರೆಯ ನಡುವೆ ಹಾಗೆ ನೀರು ತುಂಬಿಸುವುದು ಕೈಯಾರೆ ಅನಾಹುತ ಕರೆದಂತೆ. ಪದರು ಪದರಾಗಿಯೇ ಆಗಬೇಕು. ತುಂಬಿದ ಮೇಲೆ 12 ಮಿ.ಮೀ. ಸರಳನ್ನು ಕೈಯಿಂದ ಒತ್ತಿ ನೋಡಿ, ಸುಲಭವಾಗಿ ಇಳಿಯಬಾರದು. ಬಿಲ್ ಕೊಡುವ ಮುನ್ನ ಲ್ಯಾಬಿನವರಿಂದ ಸಾಂದ್ರತೆ ಪರೀಕ್ಷೆ ಮಾಡಿಸಿ. ಅದೇ ಮಣ್ಣು ಲ್ಯಾಬಿನಲ್ಲಿ ಗರಿಷ್ಠ ಎಷ್ಟು ಗಟ್ಟಿಯಾಗುತ್ತದೋ ಅದರ ಶೇ. 95 ಕೇಳಿ. ಪ್ಲಿಂತ್ ಒಳಗಿನ ಮಣ್ಣಿಗೆ ಗೆದ್ದಲು ಔಷಧಿ ಹೊಡೆಸುವುದೂ ಫರಸಿ ಹಾಕುವ ಮೊದಲೇ.

ಬೆಳಗಾವಿ ಪಶ್ಚಿಮದವರಿಗೆ, ಬಾದಾಮಿ–ಇಳಕಲ್‌ನವರಿಗೆ

ಬೈಲಹೊಂಗಲ, ಸವದತ್ತಿ, ಅಥಣಿ ಕಡೆ ಎರೆ ಇರುವಲ್ಲಿ ಮೇಲಿನದ್ದೇ ಅನ್ವಯ. ಖಾನಾಪುರ, ಬೆಳಗಾವಿ ಪಶ್ಚಿಮದ ಕೆಂಪು ಜಂಬಿಟ್ಟಿಗೆ ನೆಲ ಉಬ್ಬುವುದಿಲ್ಲ, ಅಲ್ಲಿ ತಲೆನೋವು ಇಳಿಜಾರು ಮತ್ತು ಮಳೆ. ಎತ್ತರದ ಕಡೆ ಕಡಿದು ತಗ್ಗಿನ ಕಡೆ ತುಂಬಿ ಸಪಾಟು ಮಾಡುತ್ತಾರೆ. ಮನೆ ಅರ್ಧ ಕಡಿದದ್ದರ ಮೇಲೆ, ಅರ್ಧ ತುಂಬಿದ್ದರ ಮೇಲೆ ಕೂತರೆ ನಡುವೆ ಸೀಳುತ್ತದೆ. ತುಂಬಿದ ಕಡೆಯ ಪಾಯಾವನ್ನೂ ಮೂಲ ನೆಲದವರೆಗೆ ಇಳಿಸಬೇಕು. ತಡೆಗೋಡೆಗೆ ನೀರು ಹೊರಬರಲು ತೂತು ಬಿಡಿಸಿ, ಇಲ್ಲದಿದ್ದರೆ ಆಷಾಢದಲ್ಲಿ ಗೋಡೆಯೇ ಹೊರಬರುತ್ತದೆ.

ಬಾದಾಮಿ, ಇಳಕಲ್ ಸುತ್ತ ಒಂದು ಅಡಿಗೇ ಬಂಡೆ ಸಿಗಬಹುದು. ಪಾಯಾಕ್ಕೆ ಒಳ್ಳೇದು, ಪೈಪ್ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಕಷ್ಟ. ಬ್ರೇಕರ್ ಹಚ್ಚಿದ ಯಂತ್ರ ಬಂದಾಗಲೇ ಅವೆರಡರ ಗುಂಡಿಯನ್ನೂ ಹೊಡೆಸಿ ಮುಗಿಸಿ. ಮದ್ದು ಹಾಕಿ ಸಿಡಿಸುವುದು ಪರವಾನಗಿ ಇರುವವರ ಕೆಲಸ.

ಕೊನೆಗೆ ಇಳಿಜಾರು

ನೀರು ಗೋಡೆಯಿಂದ ದೂರ ಹೋಗಬೇಕು. ಗೋಡೆಯಿಂದ ಮೊದಲ ಹತ್ತು ಅಡಿಗೆ ಆರು ಇಂಚು ಇಳಿಜಾರು ಕೊಡಿ. ಅಲ್ಲಿಂದ ಮುಂದೆ ಒಂದು ಸಣ್ಣ ಕಾಲುವೆ ಮಾಡಿ ರಸ್ತೆ ಮೋರಿಗೆ ಸೇರಿಸಿ, ಬಾಜೂದವರ ಹೊಲಕ್ಕಲ್ಲ. ಮನೆ ಸುತ್ತ ಮೂರು ನಾಲ್ಕು ಅಡಿ ಫರಸಿ ಅಥವಾ ಕಾಂಕ್ರೀಟ್ ಹಾಸಿದರೆ ಗೋಡೆ ಬುಡದ ಎರೆ ಹಸಿಯಾಗುವುದೂ ಒಣಗುವುದೂ ಕಡಿಮೆಯಾಗುತ್ತದೆ. ಬಚ್ಚಲ ನೀರು, ಟ್ಯಾಂಕ್ ತುಂಬಿ ಚೆಲ್ಲುವ ನೀರು, ಗಿಡಕ್ಕೆ ಬಿಡುವ ಪೈಪು, ಇವು ಮಳೆಗಿಂತ ಕೆಟ್ಟವು. ಮಳೆ ವರ್ಷಕ್ಕೆ ನಾಲ್ಕು ತಿಂಗಳು. ಇವು ದಿನಾ.

ಮೊದಲ ಜೋರು ಮಳೆಗೆ ಕೊಡೆ, ಟಾರ್ಚ್ ಹಿಡಿದು ಹೊರಗೆ ಹೋಗಿ. ತಮ್ಮ ರಾತ್ರಿ ಹತ್ತಕ್ಕೆ ಫೋನ್ ಮಾಡಿದ, ಹಿಂದೆ ಮಳೆ ಸದ್ದು. "ಅಣ್ಣಾ, ಎಲ್ಲಾ ಕಡೆ ನೀರ್ ಹೊಂಟೈತಿ, ಬಚ್ಚಲ ಮೂಲಿಗೆ ಮಾತ್ರ ಪರಾತದಷ್ಟು ನಿಂತೈತಿ." ಮರುದಿನ ಅಲ್ಲಿಗೆ ನಾಲ್ಕು ಬುಟ್ಟಿ ಗರಸು ಹಾಕಿ ಬಡಿಸಿದ.